ಚಾಚಾ ಹೇಳಿದ ಉಲ್ಟಾ

ಚಾಚಾ ಅವರ ಬಲ ಅಂಗೈಯಲ್ಲಿ ಪೈಪಿಗೆ ಹಚ್ಚುವ ಅಂಟು ಒಣಗಿ ಸದಾ ಸಿಪ್ಪೆ ಏಳುತ್ತಿತ್ತು. ಮಾತಾಡುವಾಗ ಅದನ್ನು ಎಡಗೈ ಉಗುರಿನಿಂದ ಕೆರೆಯುತ್ತಲೇ ಇರುವುದು ಅವರ ಚಾಳಿ. ಚಹಾ ಕೊಟ್ಟರೆ ಆರಿಹೋದರೂ ಸರಿ, ಕೆರೆತ ಮುಗಿಸಿಯೇ ಕಪ್ಪು ಮುಟ್ಟುತ್ತಿದ್ದರು.

ಬಸವಕಲ್ಯಾಣದವರು. ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಬಂದು, ಮಾಣಿಕನಗರದ ಕಡೆಯ ನಮ್ಮ ಮನೆಗಳ ನಳ, ಮೋರಿ ರಿಪೇರಿ ಮಾಡಿ ಸಂಜೆ ವಾಪಸಾಗುತ್ತಿದ್ದರು. ಚೀಲದಲ್ಲಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳು, ಹುರಿ, ಚಿಂದಿ ಬಟ್ಟೆ. ನಟ್ಟು ತಿರುವಲು ಇದ್ದ ಒಂದೇ ಕಬ್ಬಿಣದ ಪಾನಾವನ್ನು ಪ್ಲಾಸ್ಟಿಕ್ಕಿಗೆ ಮುಟ್ಟಿಸುತ್ತಿರಲಿಲ್ಲ. "ಇದಕ್ಕ ಹಲ್ಲ ಅವ್ರಿ, ಕಚ್ಚತದ," ಎನ್ನುತ್ತಿದ್ದರು.

ನಾನು ಸಾಲಿ ಮಾಸ್ತರ, ಇನ್ನೊಬ್ಬರ ಮಾತು ಕೇಳುವ ಜಾಯಮಾನದವನಲ್ಲ. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಕಟ್ಟಿಕೊಂಡಾಗ, ಅದರ ತಳದ ಮುಚ್ಚಳ ಬಿಚ್ಚಲು ಪಕ್ಕದ ಮನೆಯಿಂದ ಪಾನಾ ತಂದು ಅರ್ಧ ತಾಸು ಹೆಣಗಿದೆ. ಮುಚ್ಚಳ ಅಲುಗಲಿಲ್ಲ, ಪೈಪು ಚಟ್ಟೆಂದು ಸೀಳಿತು. ಚಾಚಾ ಬಂದು ಬಗ್ಗಿ ನೋಡಿದರು.

"ಮಾಸ್ತರ್, ನೀವು ಬಿಚ್ಚಾಕತ್ತಿಲ್ರಿ, ಬಿಗಿ ಮಾಡಾಕತ್ತೀರಿ. ಉಲ್ಟಾ! ಮುಚ್ಚಳ ನೆಲದ ಕಡಿ ಮಾರಿ ಮಾಡ್ಯಾದ. ನಿಮ್ಮ ಕಡಿಂದ ನೋಡಬ್ಯಾಡ್ರಿ, ಅದರ ಕಡಿಂದ ನೋಡ್ರಿ. ಸಾಲ್ಯಾಗ ಎಡ ಬಲ ಹ್ಯಾಂಗ ಕಲಿಸ್ತೀರಿ?"

ನನ್ನ ಹೆಂಡತಿ ಮುಖ ತಿರುಗಿಸಿ ನಕ್ಕಳು. ಚಾಚಾ ಸೊಂಟದ ಬೆಲ್ಟು ಬಿಚ್ಚಿ, ಪ್ಯಾಂಟಿಗೆ ಹುರಿ ಕಟ್ಟಿಕೊಂಡರು. ಮುಚ್ಚಳಕ್ಕೆ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಬೆಲ್ಟು ಹಾಕಿ, ಮೊದಲು ಚೂರು ಬಿಗಿಯ ಕಡೆಗೇ ತಿರುವಿದರು. "ಹಟ ಹಿಡದದ್ದು ಮೊದಲ ತನ್ನ ಕಡಿ ಚೂರ ಹೋಗಲಿ." ಆಮೇಲೆ ಬಿಚ್ಚುವ ಕಡೆಗೆ ಎಳೆದರು. ಸಲೀಸಾಗಿ ಬಂತು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಮುಷ್ಟಿ ಕಟ್ಟಿದ್ದು ಬಿಚ್ಚಲೇ ಇಲ್ಲ. ಅವರ ಹೆಂಡತಿ ಚಾಚಿ ಫೋನಿನಲ್ಲಿ ಅತ್ತರು: "ಉಗುರ ಅಂಗೈಯಾಗ ಇಳಿಯಾಕತ್ತಾವ್ರಿ ಮಾಸ್ತರ್. ದಿನಾ ತೊಳೀರಿ ಅಂತಾರ ಡಾಕ್ಟರು. ಹ್ಯಾಂಗ ತೊಳೀಲಿ?"

ಬಸವಕಲ್ಯಾಣಕ್ಕೆ ಹೋದೆ. ಕೋಣೆಯಲ್ಲಿ ಕೊಳೆತ ಗಾಯದ ವಾಸನೆ. ಮುಷ್ಟಿಗೆ ಬೆಚ್ಚನೆಯ ಬಟ್ಟೆ ಸುತ್ತಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಬೆರಳುಗಳನ್ನು ಮೇಲಕ್ಕೆ ಎಳೆದೆ. ಅವು ಇನ್ನೂ ಬಿಗಿದವು. ಚಾಚಾ ಕಣ್ಣಲ್ಲಿ ನೀರು. ಸೊಟ್ಟ ಬಾಯಿಂದ ಏನೋ ಅಂದರು. ಚಾಚಿಗೂ ತಿಳಿಯಲಿಲ್ಲ. ಮತ್ತೆ ಅಂದರು.

"ಉ... ಟಾ."

ನಾಚಿಕೆಯಾಯಿತು. ಎಳೆಯುವುದು ಬಿಟ್ಟು, ಅವರ ಮಣಿಕಟ್ಟನ್ನು ಅದು ಬಾಗಿದ ಕಡೆಗೇ, ಒಳಕ್ಕೆ, ಇನ್ನಷ್ಟು ಬಾಗಿಸಿದೆ. ಬೆರಳು ಸಡಿಲಾದವು. ಅಂಗೈಯಲ್ಲಿ ನಾಲ್ಕು ಹಸಿ ಗಾಯಗಳಿದ್ದವು, ಪಕ್ಕದಲ್ಲಿ ಇನ್ನೂ ಒಂದಿಷ್ಟು ಒಣ ಅಂಟು. ತೊಳೆದು, ಒರೆಸಿ, ಬಟ್ಟೆಯ ಸುರುಳಿ ಇಟ್ಟೆ. ಚಾಚಿಗೂ ತೋರಿಸಿಕೊಟ್ಟೆ. ಅವರು ಮುಷ್ಟಿ ಮುಟ್ಟಿ ಕೈ ಹಿಂದೆಗೆದುಕೊಂಡು, "ನನ್ನಿಂದ ಆಗಂಗಿಲ್ರಿ, ನೀವೇ ಬರ್ರಿ," ಅಂದರು. ಅಂದಿನಿಂದ ವಾರಕ್ಕೆರಡು ಸಲ, ಸಾಲಿ ಬಿಟ್ಟ ಮೇಲೆ ಬುಧವಾರ, ಮತ್ತೆ ರವಿವಾರ, ಹೋಗುತ್ತಿದ್ದೆ. ಗಾಯ ಮಾತ್ರ ಮಾಯಲಿಲ್ಲ.

ಒಂದು ವಾರ ಹೋಗಲಿಲ್ಲ. ಪರೀಕ್ಷೆ ಪೇಪರು ತಿದ್ದುವುದಿದೆ ಎಂದು ಚಾಚಿಗೆ ಸುಳ್ಳು ಹೇಳಿದೆ. ಆ ವಾಸನೆಗೆ ಹೇಸಿದ್ದೆ, ಅಷ್ಟೇ. ಅದಕ್ಕೆ ಇವತ್ತಿಗೂ ನನ್ನನ್ನು ನಾನೇ ಕ್ಷಮಿಸಿಕೊಂಡಿಲ್ಲ.

ಮುಂದಿನ ರವಿವಾರ ಹೋದಾಗ ಬಾಗಿಲ ಹೊರಗೆ ಚಪ್ಪಲಿಗಳು ತುಂಬಿದ್ದವು. ನಸುಕಿನಲ್ಲಿ ಉಸಿರು ನಿಂತಿತ್ತಂತೆ. ಚಾಚಿ ಹೊದಿಕೆಯ ಅಂಚು ಸರಿಸಿ ಅವರ ಬಲಗೈ ತೋರಿಸಿದರು. ಉಗುರಿನ ಗಾಯಗಳು ನಾನು ಕಡೆಯ ಸಲ ಕಂಡಿದ್ದಕ್ಕಿಂತ ಆಳವಾಗಿದ್ದವು. ಬೆರಳು ಮಾತ್ರ ತಾವಾಗಿಯೇ ಬಿಚ್ಚಿಕೊಂಡಿದ್ದವು.

"ಇವತ್ತ ಬಿಚ್ಚಾಕ ನಿಮ್ಮ ಗರಜ ಬೀಳಲಿಲ್ರಿ, ಮಾಸ್ತರ್," ಅಂದರು ಚಾಚಿ.