ಐಸಪ್ಪ ಮತ್ತು ಅಮ್ಮನ ಮಾತ್ರೆ

ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಅವನನ್ನು ಐಸಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರು ಬೇರೆ ಯಾರೋ ಇಟ್ಟದ್ದಲ್ಲ, ಅವನೇ ಇಟ್ಟುಕೊಂಡದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಖಾಲಿ ಮೀನಿನ ಪೆಟ್ಟಿಗೆಗಳ ಮೇಲೆ ಕೂತು ಎಲ್ಲರೂ ಟೀ ಕುಡಿಯುತ್ತಿದ್ದಾಗ, ತನ್ನ ಹುಟ್ಟಿನ ಕಥೆ ತೆಗೆದಿದ್ದ. ಅಪ್ಪ ಅಮ್ಮನಿಗೆ ಎಷ್ಟು ವರ್ಷವಾದರೂ ಮಕ್ಕಳಾಗದೆ ಆಸ್ಪತ್ರೆಗೆ ಹೋದದ್ದು, ಡಾಕ್ಟರು ತನ್ನನ್ನು ಗಾಜಿನ ತಟ್ಟೆಯಲ್ಲಿ ಮಾಡಿದ್ದು, ಅಮ್ಮನ ಮೈ ಸರಿಹೋಗುವ ತನಕ ಸಾಸಿವೆಗಿಂತ ಸಣ್ಣದಾಗಿದ್ದ ತನ್ನನ್ನು ಹೆಪ್ಪುಗಟ್ಟಿಸಿ ಇಟ್ಟದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿ, "ಹೊಟ್ಟೆಗೆ ಹೋಗೋಕೆ ಮುಂಚೆ ಡಬ್ಬಿಯಲ್ಲಿದ್ದವನು ನಾನು. ಈ ಕೆಲಸಕ್ಕೆ ನನಗಿಂತ ಅನುಭವಸ್ಥ ಎಲ್ಲಿ ಸಿಗ್ತಾನೆ ನಿಮಗೆ?" ಎಂದಿದ್ದ. ನಾಳೆ ಯಾರೋ ಆಡಿಕೊಳ್ಳುವ ಬದಲು ಇವತ್ತು ತಾನೇ ಆಡಿಕೊಂಡುಬಿಟ್ಟರೆ ಕೆಲಸ ಮುಗಿಯಿತು ಎಂಬುದು ಅವನ ಲೆಕ್ಕಾಚಾರ. ಆ ಲೆಕ್ಕಾಚಾರ ಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ. ಅಪ್ಪ ಅವನಿಗೆ ಬುದ್ಧಿ ಬರುವ ಮುಂಚೆಯೇ ತೀರಿಕೊಂಡಿದ್ದ. ಅಮ್ಮ ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಸ್ಕೂಲು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಅವನು ಒಂದು ಸಲ ಸೀನಿದರೆ ಮಿಷನ್ನು ಗಕ್ಕನೆ ನಿಲ್ಲುತ್ತಿತ್ತು. ನೆಗಡಿಯಾದರೆ ಆವತ್ತು ಚಳಿಯಲ್ಲಿಟ್ಟದ್ದಕ್ಕೆ, ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡರೆ ಮೂಳೆ ಗಟ್ಟಿಯಾಗದೆ ಹುಟ್ಟಿದ್ದಕ್ಕೆ. ಲೆಕ್ಕದಲ್ಲಿ ಫೇಲಾದಾಗಲೂ ಮೇಷ್ಟರ ಮುಂದೆ ಕೂತು ತಾನು ಆಸ್ಪತ್ರೆಗೆ ಹೋದ ಕಥೆಯನ್ನು ಮೊದಲಿಂದ ಹೇಳಿ ಅವರನ್ನು ಸುಸ್ತು ಮಾಡಿದ್ದಳು. ಮಗನಿಗೆ ಏನೇ ಆದರೂ ಅದು ಸುತ್ತಿ ಬಳಸಿ ಬಂದು ತನ್ನ ತಲೆಯ ಮೇಲೆ ಕೂರಬೇಕು. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತು ಎಂದಾಗ, "ಮತ್ತೆ ಅಲ್ಲಿಗೇ ಹೋಗ್ತೀಯೇನೋ," ಎಂದು ದಿನವೆಲ್ಲ ಅತ್ತಳು. ಮಾರನೆಯ ದಿನ ಕಂಪನಿಯ ದಪ್ಪ ಜಾಕೆಟ್ಟಿನ ಹೊಲಿಗೆ ಬಿಚ್ಚಿ, ಒಳಗೆ ಇನ್ನೊಂದು ಪದರ ಉಣ್ಣೆಬಟ್ಟೆ ಇಟ್ಟು, ಬಿಚ್ಚಿದ್ದೇ ಗೊತ್ತಾಗದ ಹಾಗೆ ಹೊಲಿದುಕೊಟ್ಟಳು.

ಅವನು ಹುಟ್ಟಿದ ಆಸ್ಪತ್ರೆಯವರು ಹಾಗೆ ಹುಟ್ಟಿದ ಮಕ್ಕಳನ್ನು ಆಗಾಗ ಕರೆಸಿ ನೋಡುತ್ತಿದ್ದರು. ತೂಕ, ರಕ್ತ, ಎದೆಯ ಸ್ಕ್ಯಾನು. ಚಿಕ್ಕವನಿದ್ದಾಗ ಬಿಸ್ಕತ್ತು ಕೊಡುತ್ತಿದ್ದರು, ಈಗ ಬರೀ ಸೂಜಿ. ಈ ಸಲ ಡಾಕ್ಟರಮ್ಮ ಎಡತೋಳಿಗೆ ಪಟ್ಟಿ ಕಟ್ಟಿದರು, ಬಲತೋಳಿಗೆ ಕಟ್ಟಿದರು, ಸ್ವಲ್ಪ ಸುಮ್ಮನೆ ಕೂರಿಸಿ ಮತ್ತೆ ಕಟ್ಟಿದರು. ದಿನಪೂರ್ತಿ ಬಿಪಿ ಅಳೆಯುವ ಒಂದು ಮಿಷನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. ಕೊನೆಗೆ ಬಿಪಿ ಇದೆ ಎಂದರು, ಈ ವಯಸ್ಸಿಗೆ ಇರಬಾರದಷ್ಟು.

ಐಸಿನಿಂದಲೇ ಬಂತಾ ಎಂದು ಅವನು ಕೇಳಿದ. ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. ಹಾಗೆ ಹುಟ್ಟಿದವರಲ್ಲಿ ಬಿಪಿ ಒಂದು ಚೂರು ಜಾಸ್ತಿ ಎಂದು ಕೆಲವು ಕಡೆ ಕಂಡಿದೆಯಂತೆ, ಏನೂ ಇಲ್ಲ ಎಂದು ಕೆಲವು ಕಡೆ ಕಂಡಿದೆಯಂತೆ. ಬಹುಪಾಲು ಮಕ್ಕಳು ಎಲ್ಲರ ಹಾಗೇ ಚೆನ್ನಾಗಿದ್ದಾರಂತೆ. "ನಿನ್ನದು ಯಾವುದರಿಂದ ಬಂತು ಅಂತ ಯಾರೂ ಹೇಳೋಕಾಗಲ್ಲಪ್ಪ. ನಿಮ್ಮಮ್ಮನಿಗೂ ಬಿಪಿ ಇದೆಯಲ್ಲ."

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಅವನು ಕೊಳ್ಳಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತ್ರೆ ಎಲ್ಲಿ ಬಚ್ಚಿಟ್ಟರೂ ಅಮ್ಮನ ಕೈಗೆ ಸಿಗುತ್ತದೆ. ಅಮ್ಮನಿಗೆ ಗೊತ್ತಾಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಒಂದು ನೆಗಡಿಗೆ ಆ ಪಾಡುಪಟ್ಟವಳು ಇದನ್ನು ಕೇಳಿದರೆ ಎದ್ದು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಂಪನಿಯಲ್ಲಿ ಅವನನ್ನು ಪರ್ಮನೆಂಟ್ ಮಾಡುವ ಮಾತು ಬಂತು. ಅದಕ್ಕೆ ಮೊದಲು ಕಂಪನಿಯ ಸಿಸ್ಟರು ತಪಾಸಣೆ ಮಾಡಬೇಕು; ಅಷ್ಟನ್ನು ಅಮ್ಮನಿಗೂ ಹೇಳಿದ್ದ. ಬಿಪಿ ಇರುವವರನ್ನು ಆ ಚಳಿಯಲ್ಲಿ ಬಿಡುವುದಿಲ್ಲ, ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದರೆ ಅಮ್ಮ ಯಾಕೆ ಎಂದು ಕೇಳುತ್ತಾಳೆ. ಅವನ ತಲೆ ಓಡಿತು. ಅಮ್ಮನ ಬಿಪಿ ಮಾತ್ರೆ ಮಿಷನ್ನಿನ ಪಕ್ಕದ ಗುಂಡಿ ಡಬ್ಬಿಯಲ್ಲಿ ಇರುತ್ತದೆ. ಅವಳದೂ ಬಿಪಿ, ತನ್ನದೂ ಬಿಪಿ, ಬಸ್ಸು ಒಂದೇ ಅಂದಮೇಲೆ ಹತ್ತಿಕೊಂಡರಾಯಿತು. ಓದಿದವರೇ ಮಾಡದ ಇಂಥ ಉಪಾಯ ತನಗೆ ಹೊಳೆಯಿತಲ್ಲ ಎಂದು ತಪಾಸಣೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹಿಗ್ಗಿದ.

ಅಮ್ಮ ಅಡುಗೆಮನೆಯಲ್ಲಿದ್ದಾಗ ಡಬ್ಬಿ ತೆಗೆದ. ಮಾತ್ರೆಗಳು ಇರಬೇಕಾದದ್ದಕ್ಕಿಂತ ಕಡಿಮೆ ಇದ್ದವು. ಅದನ್ನು ಯೋಚಿಸುವಷ್ಟು ವ್ಯವಧಾನ ಇರಲಿಲ್ಲ; ಒಂದನ್ನು ನುಂಗಿ ನೀರು ಕುಡಿದ. ಅಮ್ಮ ಟೀ ತಂದಳು. ಬಾಯಿಗಿಟ್ಟರೆ ಕಹಿ. ಟೀಪುಡಿ ಜಾಸ್ತಿಯಾಯಿತು, ಕುಡಿ, ಎಂದಳು. ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತಿದ್ದಳು. ತಿಂಡಿ ತಿನ್ನದೆ ಹೊರಟ.

ಸಿಸ್ಟರು ಪಟ್ಟಿ ಕಟ್ಟಿ, ಗಾಳಿ ಬಿಟ್ಟು, ಹುಬ್ಬುಗಂಟಿಕ್ಕಿ ಇನ್ನೊಂದು ಸಲ ಕಟ್ಟಿದರು. ಏನಾದರೂ ತಿಂದಿದ್ದೀಯಾ ಎಂದು ಕೇಳಿದರು. ಐಸಪ್ಪನಿಗೆ ಒಂದು ಒಳ್ಳೆಯ ಜೋಕು ಹೊಳೆಯಿತು. ಅದನ್ನು ನಿಂತುಕೊಂಡೇ ಹೇಳಬೇಕೆನಿಸಿ ಎದ್ದ. ಕಣ್ಣು ಕತ್ತಲಿಟ್ಟಿತು, ಜೋಕು ಬಾಯಲ್ಲೇ ಉಳಿಯಿತು.

ಎಚ್ಚರವಾದಾಗ ನೆಲದ ಮೇಲಿದ್ದ, ಕಾಲು ಕುರ್ಚಿಯ ಮೇಲಿತ್ತು. ಮೇಸ್ತ್ರಿ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದ. ಏನು ನುಂಗಿದೆ ಎಂದು ಸಿಸ್ಟರು ಗದರಿದರು. ತನ್ನ ಮಾನ ತಾನೇ ಕಳೆದುಕೊಳ್ಳುವ ಅಭ್ಯಾಸ ಆ ಹೊತ್ತಿಗೂ ಕೈಬಿಡಲಿಲ್ಲ, ಎಲ್ಲ ಹೇಳಿದ. ಹೇಳಿ ಮುಗಿಸಿ, ಅಮ್ಮನಿಗೆ ಫೋನ್ ಮಾಡಬೇಡಿ ಎಂದ. ಆಗಲೇ ಮಾಡಿಯಾಗಿತ್ತು.

ಅಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಬಂದಳು. ನಿಮ್ಮ ಮಗ ನಿಮ್ಮ ಮಾತ್ರೆ ಒಂದು ಕದ್ದು ನುಂಗಿದ್ದಾನಮ್ಮ, ಒಂದಕ್ಕೆ ಇಷ್ಟು ಇಳಿಯಬಾರದಿತ್ತು ಎಂದರು ಸಿಸ್ಟರು.

ಅಮ್ಮ ಮಗನ ಮುಖ ನೋಡಿದಳು. "ಒಂದಲ್ಲ ಸಿಸ್ಟರ್. ಟೀಗೆ ನಾನೂ ಎರಡು ಅರೆದು ಹಾಕಿದ್ದೆ."

ಮೇಸ್ತ್ರಿಗೆ ಕಿಸಕ್ಕನೆ ನಗು ಬಂತು. ತಾಯಿ ಮಗ ಇಬ್ಬರೂ ನಗದ್ದನ್ನು ಕಂಡು ರಟ್ಟು ಕೆಳಗಿಟ್ಟು ಹೊರಗೆ ಹೋದ.

ಆಸ್ಪತ್ರೆಯವರ ಹತ್ತಿರ ಇದ್ದದ್ದು ಅವನು ಹುಟ್ಟಿದಾಗ ಅಮ್ಮ ಕೊಟ್ಟಿದ್ದ ನಂಬರು. ಮಾತ್ರೆ ಶುರುಮಾಡಿದನಾ ಎಂದು ಕೇಳಲು ಅವರು ಫೋನ್ ಮಾಡಿದ್ದರು. ಅವನು ಬಚ್ಚಿಟ್ಟುಕೊಂಡು ಓಡಾಡಿದ ಅಷ್ಟು ದಿನವೂ ಅವಳಿಗೆ ಗೊತ್ತಿತ್ತು. ಕೆಲಸ ಹೋಗುತ್ತದೆಂದು ಮಗ ಹೆದರಿದ್ದಾನೆ ಎಂದುಕೊಂಡಿದ್ದಳು. ತನ್ನಿಂದ ಬಂದ ಬಿಪಿ, ತಪಾಸಣೆಯನ್ನು ತಾನೇ ಹೇಗಾದರೂ ದಾಟಿಸೋಣ ಎಂದು ಒಂದು ಸಾಲದು, ಎರಡಿರಲಿ ಎಂದು ಅರೆದಿದ್ದಳು.

ಅವನನ್ನು ಸಂಜೆಯ ತನಕ ಆಸ್ಪತ್ರೆಯಲ್ಲಿ ಮಲಗಿಸಿ ಕಳಿಸಿದರು. ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿಯ ಸೀಟು ಕೊಟ್ಟು, ಇಷ್ಟು ದಿನ ಎತ್ತಿಟ್ಟಿದ್ದ ಸಮಾಧಾನದ ಮಾತನ್ನು ತೆಗೆದ. "ಐಸಿಂದ ಅಂತ ಹೇಳೋಕಾಗಲ್ಲವಂತೆ ಕಣಮ್ಮ. ನಿನಗೂ ಇದೆಯಲ್ಲ. ರಕ್ತದಲ್ಲೇ ಬಂದಿರಬಹುದು."

ಅಮ್ಮ ಹೊರಗೆ ನೋಡುತ್ತಿದ್ದಳು. "ಹಾಗಾದ್ರೂ ನನ್ನಿಂದಲೇ ಅಲ್ವೇನೋ."

ಅವನು ಒಂದು ಬಾಗಿಲು ಮುಚ್ಚಲು ಹೋಗಿ ಎರಡನ್ನೂ ತೆರೆದಿಟ್ಟಿದ್ದ.

ಅವಳೇ ಮುಂದುವರಿಸಿ, "ಸಾಕು ಬಿಡು ಅಂತ ಎಲ್ಲರೂ ಹೇಳಿದ್ರು. ನಾನೇ ಹಠ ಹಿಡಿದೆ," ಎಂದಳು.

ನೀನು ಹಠ ಹಿಡಿಯದಿದ್ದರೆ ನಾನೇ ಇರುತ್ತಿರಲಿಲ್ಲವಲ್ಲಮ್ಮ ಎನ್ನಲು ಅವನು ಬಾಯಿ ತೆರೆದ. ಅವಳ ಮುಖ ನೋಡಿದಾಗ, ಅವಳು ತೂಗಿ ನೋಡುತ್ತಿರುವುದೂ ಅದನ್ನೇ ಎಂದು ಹೊಳೆಯಿತು.

ಕಂಪನಿಯಲ್ಲಿ ಅವನನ್ನು ಹೊರಗೆ ಲಾರಿಗೆ ಲೋಡು ಮಾಡುವ ಕಡೆ ಹಾಕಿದರು. ಪರ್ಮನೆಂಟಿನ ಮಾತು ಮುಂದೆ ನೋಡೋಣ ಎಂದರು. ಮುಂದೆ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬಿಸಿಲಲ್ಲಿ ಕರಗಿಹೋಗ್ತೀಯ ಐಸಪ್ಪ ಎಂದು ಯಾರೋ ಅಂದರು. ಈ ಸಲ ಬೇರೆಯವರೇ ಮೊದಲು ಹೇಳಿದ್ದರು.

ಈಗ ಬೆಳಿಗ್ಗೆ ತಾಯಿ ಮಗ ಎದುರುಬದುರು ಕೂತು ಮಾತ್ರೆ ನುಂಗುತ್ತಾರೆ. ಅವನು ನುಂಗುವ ತನಕ ಅವಳು ನುಂಗುವುದಿಲ್ಲ. "ಇಬ್ಬರೂ ಒಂದೇ ಕಂಪನಿಯಲ್ಲಿ ಪರ್ಮನೆಂಟ್ ಆದ್ವಿ ನೋಡಮ್ಮ," ಎಂದ ಒಂದು ದಿನ. ಅವಳು ನಗಲಿಲ್ಲ. ಬಾಗಿಲ ಹಿಂದಿನ ಖಾಲಿ ಮೊಳೆಯನ್ನು ನೋಡುತ್ತಿದ್ದಳು.

"ಜಾಕೆಟ್ ಎಲ್ಲೋ?"

"ಒಳಗೆ ಸೇರಿದ ಹೊಸಬನಿಗೆ ಕೊಟ್ರು."

"ನಾನು ಹೊಲಿದಿದ್ದು?"

"ಅದೂ ಅದರ ಜೊತೆಗೇ ಹೋಯ್ತು."

ಅವಳು ಲೋಟ ಕೆಳಗಿಟ್ಟು ಮಿಷನ್ನಿನ ಮುಂದೆ ಹೋಗಿ ಕೂತಳು. ಅವನಿಗೆ ಸೀನು ಬರುವ ಹಾಗಿತ್ತು. ಮೂಗು ಹಿಡಿದುಕೊಂಡು ಹೊರಗೆ ಹೋದ.