ಚಿಕ್ಕಮ್ಮನ ಮನೆಗೆ ಅಮ್ಮ ಬಂದ ದಿನ

ಚಿಕ್ಕಮ್ಮ ಒಬ್ಬಳೇ ಬಾಡಿಗೆ ಮನೆ ಮಾಡಿದ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಹೇಳದೆ ಇರುವುದಾದರೂ ಹೇಗೆ? ಅವಳಿಗೆ ಐವತ್ತೆರಡು ವರ್ಷ, ಹುಟ್ಟಿನಿಂದ ಕಣ್ಣು ಕಾಣಿಸದು. ಅಕ್ಕನ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ಒಂದು ಲೋಟ ನೀರನ್ನೂ ತಾನೇ ಬಗ್ಗಿಸಿಕೊಂಡವಳಲ್ಲ. ಬಗ್ಗಿಸಿಕೊಳ್ಳಲು ಅಮ್ಮ ಬಿಟ್ಟರೆ ತಾನೇ! ತಂಗಿಯನ್ನು ಅಂಗೈಯಲ್ಲಿಟ್ಟು ಸಾಕಿದವಳು ಅಮ್ಮ. ಅದು ನಿಜವಾದ ಪ್ರೀತಿ, ಅದಕ್ಕೇ ಎದುರಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಬ್ಬ ಸಹಾಯಕಿ. ಸ್ವಂತವಾಗಿ ಬದುಕಬೇಕೆನ್ನುವ ಅಂಗವಿಕಲರಿಗೆ ಅವರವರ ಅಗತ್ಯ ಕೇಳಿ ನೆರವಾಗುವ ಸಂಸ್ಥೆಯಿಂದ ಬಂದವಳು. ಮೊದಲ ದಿನ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಪಕ್ಕ ಕೂತು, "ನಿಮಗೇನು ಬೇಕು?" ಎಂದಳು.

"ಅವಳಿಗೇನೂ ಬೇಡ," ಎಂದಳು ಅಮ್ಮ.

"ಅಮ್ಮಾ, ನಾನು ಅವರನ್ನ ಕೇಳಿದ್ದು."

ಚಿಕ್ಕಮ್ಮ, "ನಂಗೆ ಬೇಕು ಅನ್ಸಿದಾಗ ಟೀ ಮಾಡ್ಕೊಂಡು ಕುಡೀಬೇಕು," ಎಂದಳು. ಇಷ್ಟು ವರ್ಷ ಇದನ್ನು ಯಾರೂ ಕೇಳಿರಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಟೀಯಿಂದ ಶುರುವಾದ ಮಾತು ಬಾಡಿಗೆ ಮನೆಯವರೆಗೆ ಹೋದಾಗ ಅಮ್ಮ ಕರಾರು ಹಾಕಿದಳು. ಒಂದು ತಿಂಗಳು ನೋಡುವುದು, ಮೂವತ್ತನೇ ದಿನ ಒಂದೇ ಒಂದು ಎಡವಟ್ಟು ಕಂಡರೂ ಗಂಟುಮೂಟೆ ಕಟ್ಟಿ ವಾಪಸ್. ಚಿಕ್ಕಮ್ಮ ಹೂಂ ಎಂದಳು.

ಹೊಸ ಮನೆಗೆ ಸಹಾಯಕಿ ದಿನಕ್ಕೆರಡು ಗಂಟೆ ಬರುತ್ತಿದ್ದಳು. ಕೈಕಟ್ಟಿ ನಿಲ್ಲುವುದೇ ಅವಳ ಕೆಲಸದಲ್ಲಿ ಕಷ್ಟದ್ದು. ಹಾಲು ಉಕ್ಕಿದರೂ ಚಿಕ್ಕಮ್ಮ ಕರೆಯದೆ ಕೈಹಾಕುತ್ತಿರಲಿಲ್ಲ. ಮುಟ್ಟಿ ಗುರುತು ಹಿಡಿಯಲೆಂದು ಇಬ್ಬರೂ ಸೇರಿ ಡಬ್ಬಗಳಿಗೆ ರಬ್ಬರ್ ಬ್ಯಾಂಡ್ ಹಾಕಿದರು: ಉಪ್ಪಿಗೆ ಒಂದು, ಸಕ್ಕರೆಗೆ ಎರಡು, ಟೀ ಪುಡಿಗೆ ಮೂರು.

ಮೂವತ್ತನೇ ದಿನ ಅಮ್ಮ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ನನ್ನನ್ನು ಎಳೆದುಕೊಂಡು ಹೋದಳು. ಚಿಕ್ಕಮ್ಮ ನಮ್ಮನ್ನು ಕೂರಿಸಿ ಸ್ನಾನಕ್ಕೆ ಹೋದಳು. ಅಮ್ಮನ ಕೈ ಸುಮ್ಮನಿದ್ದೀತೇ? ಸೀದಾ ಅಡುಗೆಮನೆಗೆ ನುಗ್ಗಿದಳು. ನಾನೋ ಫೋನಿನಲ್ಲಿ ಮುಳುಗಿದ್ದೆ, ತಪ್ಪು ನನ್ನದೂ ಇದೆ.

ಚಿಕ್ಕಮ್ಮ ತಲೆ ಒರೆಸಿಕೊಂಡು ಬಂದು ಒಲೆಯ ಮೇಲೆ ಹಾಲಿಟ್ಟಳು. ಅಷ್ಟರಲ್ಲಿ ಸಹಾಯಕಿಯೂ ಬಂದಳು. ಶೆಲ್ಫಿಗೆ ಹೋದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು.

"ನನ್ನ ಡಬ್ಬ ಯಾರು ಮುಟ್ಟಿದ್ದು?"

"ಒರೆಸಿ ಸಾಲಾಗಿ ಜೋಡಿಸಿಟ್ಟೆ ಕಣೇ," ಎಂದಳು ಅಮ್ಮ. "ಎಂಥದೋ ಜಿಡ್ಡು ರಬ್ಬರ್ ಬ್ಯಾಂಡ್ ಸುತ್ಕೊಂಡಿದ್ವು, ಬಿಸಾಕಿದೆ."

ನಾನು ಫೋನ್ ಕೆಳಗಿಟ್ಟೆ. ಹಾಲು ಬೇರೆ ಏರುತ್ತಿತ್ತು! ಸಹಾಯಕಿ ಒಂದು ಹೆಜ್ಜೆ ಮುಂದಿಟ್ಟವಳು ತಡೆದು ನಿಂತಳು. ಅಮ್ಮ ಒಲೆಯತ್ತ ಓಡುವಷ್ಟರಲ್ಲಿ ಚಿಕ್ಕಮ್ಮನ ಕೈ ಗುಂಡಿ ತಿರುಗಿಸಿ ಉರಿ ಆರಿಸಿತ್ತು.

"ಅಕ್ಕಾ, ಹೊರಗೆ ಕೂತ್ಕೋ. ಈ ಮನೇಲಿ ನೀನು ಅತಿಥಿ."

ಅಮ್ಮನಿಗೆ ಕೂತ್ಕೋ ಎಂದವರನ್ನು ನಾನು ಕಂಡಿದ್ದೇ ಅವತ್ತು. ಅಮ್ಮ ಕೂತೇಬಿಟ್ಟಳು!

ಚಿಕ್ಕಮ್ಮ ಒಂದೊಂದೇ ಡಬ್ಬ ತೆರೆದು ಮೂಸಿ, ಬೆರಳ ತುದಿಯಿಂದ ರುಚಿ ನೋಡಿ, ಹೊಸ ಬ್ಯಾಂಡ್ ಹಾಕಿದಳು. ಉಪ್ಪು ನಾಲಿಗೆಗೆ ತಗುಲಿ ಅವಳು ಮುಖ ಕಿವಿಚಿದಾಗ ನಾನು ಪಕ್ಕನೆ ನಕ್ಕುಬಿಟ್ಟೆ. ಆಮೇಲೆ ಟೀ ಬಂತು, ಹದವಾದ ಟೀ.

ಅಮ್ಮ ಲೋಟ ಖಾಲಿ ಮಾಡಿ, "ಎಡವಟ್ಟು ಮಾಡಿದ್ದು ನಾನು," ಎಂದಳು. "ನನಗಿಂತ ಮೊದಲು ನೀನೇ ಒಲೆ ಆರಿಸಿದೆ." ಗಂಟುಮೂಟೆಯ ಮಾತೆತ್ತಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

ಹೊರಡುವಾಗ ಅಮ್ಮ ಕೇಳಿದಳು, "ನಾಳೆ ಬರ್ಲಾ?"

"ನಾಳೆ ನಂಗೆ ಕೆಲಸ ಇದೆ. ಫೋನ್ ಮಾಡ್ಕೊಂಡು ಬಾ ಅಕ್ಕ," ಎಂದು ಚಿಕ್ಕಮ್ಮ ಬಾಗಿಲು ಹಾಕಿಕೊಂಡಳು.

ಅಮ್ಮ ಮುಚ್ಚಿದ ಬಾಗಿಲ ಮುಂದೆ ನಿಂತೇ ಕೂಗಿದಳು, "ಎಷ್ಟೊತ್ತಿಗೆ ಮಾಡ್ಲೇ?"