ಎರಡು ಸಾಲು ಸೊಪ್ಪು

ನನಗೆ ಅನುಮಾನದ ಬುದ್ಧಿ ಹೆಚ್ಚು. ತರಕಾರಿ ಮಾರುವವನು ನಾನು ಕೇಳುವ ಮೊದಲೇ ‘ಈಗ ಕಿತ್ತಿದ್ದು ಅಕ್ಕ’ ಎಂದರೆ ಆ ಗುಡ್ಡೆ ಬಿಟ್ಟು ಮುಂದಿನ ಗುಡ್ಡೆಗೆ ಹೋಗುವವಳು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವುದು ನಮ್ಮವ್ವ ನನಗೆ ಮುದ್ದೆ ಕಟ್ಟುವುದರ ಜೊತೆಯಲ್ಲೇ ಕಲಿಸಿದ ಮಾತು. ನಮ್ಮ ಯಜಮಾನರು ಇದನ್ನು ಕಾಯಿಲೆ ಎನ್ನುತ್ತಾರೆ. ರೇಷ್ಮೆ ಹುಳು ಸಾಕಿಯೇ ಬದುಕಿದ ನನಗೆ ಇದು ಕಾಯಿಲೆ ಎಂದು ಯಾವತ್ತೂ ಅನ್ನಿಸಿಲ್ಲ.

ಹುಳುಮನೆ ನಿಂತಿರುವುದೇ ಅನುಮಾನದ ಮೇಲೆ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈ ಅದ್ದಬೇಕು, ಹೊಸ್ತಿಲಲ್ಲಿ ಹಾಕಿದ ಸುಣ್ಣ ತುಳಿದುಕೊಂಡು ಒಳಗೆ ಬರಬೇಕು. ಹೊರಗಿನವರನ್ನು ಬಿಡುವ ಮಾತೇ ಇಲ್ಲ. ನನ್ನ ಸ್ವಂತ ತಂಗಿ ಮಾಗಡಿಯಿಂದ ಬಂದರೂ ಜಗಲಿಯ ಮೇಲೇ ಕೂತು ಕಾಫಿ ಕುಡಿದು ಹೋಗುತ್ತಾಳೆ. ಯಾವ ಕಾಲಿನಲ್ಲಿ ಯಾವ ಮನೆಯ ರೋಗ ಬರುತ್ತದೋ ಯಾರಿಗೆ ಗೊತ್ತು.

ಆದರೆ ಈ ಅನುಮಾನಕ್ಕೂ ನಮ್ಮೂರಲ್ಲಿ ಒಂದು ಮರ್ಯಾದೆ ಇತ್ತು. ಒಂದು ಮನೆಯಲ್ಲಿ ಹುಳು ಕೆಟ್ಟರೆ ಅದನ್ನು ಆ ಮನೆಯವರೇ ಹೇಳಬೇಕು. ಅವರು ಯಾರ ಹುಳುಮನೆಯ ಹತ್ತಿರವೂ ಬರುತ್ತಿರಲಿಲ್ಲ. ಬೀದಿಯಲ್ಲೇ ನಿಂತು, ‘ನಮ್ಮನೇಲಿ ಹುಳ ಒಸಿ ಮೆತ್ತಗವೆ, ನಮ್ಮ ಕಡೆ ಬರಬ್ಯಾಡಿ’ ಎಂದು ಕೂಗಿ ಹೇಳಿ ಹೋಗುತ್ತಿದ್ದರು. ನಾವು ಮರುಮಾತಾಡದೆ ಹೂಂ ಅನ್ನುತ್ತಿದ್ದೆವು. ಇನ್ನೊಬ್ಬರ ಮನೆಯ ಹುಳು ಕೆಟ್ಟಿದೆ ಎಂದು ಮೂರನೆಯವರು ಹೇಳಿದರೆ ಮಾತ್ರ ನಮ್ಮತ್ತೆ ಕೆರಳುತ್ತಿದ್ದರು. ‘ನೀ ನೋಡ್ದಾ? ಅವರು ಬಂದು ಹೇಳ್ಲಿ ಬುಡು’ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕೊರೊನಾ ಕಳೆದ ಮೇಲೆ ಗೂಡಿನ ಬೆಲೆ ಏರಿತು. ಕೂಟಗಲ್ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳೂ ಹಿಪ್ಪುನೇರಳೆ ತೋಟವಾದವು. ಬಿಡದಿ ಕಡೆ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ ನನ್ನ ಮೈದುನನೂ ಮನೆಯ ಹಿಂದೆ ಶೀಟು ಹೊದಿಸಿ ಹುಳು ಹಾಕಿದ. ಎಲ್ಲರ ಕೈಗೂ ಅಷ್ಟೊತ್ತಿಗೆ ದೊಡ್ಡ ಫೋನು ಬಂದಿತ್ತು. ಊರಿನ ಬೆಳೆಗಾರರದ್ದೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪಾಯಿತು. ರಾಮನಗರದ ಮಾರುಕಟ್ಟೆಯಲ್ಲಿ ಇವತ್ತು ಗೂಡು ಏನು ರೇಟು ಹೋಯಿತು, ಯಾರ ಹತ್ತಿರ ಸೊಪ್ಪಿದೆ, ಇವೇ ಅದರಲ್ಲಿ ಬರುತ್ತಿದ್ದವು. ಆಮೇಲಾಮೇಲೆ ಎಚ್ಚರಿಕೆಗಳು ಬರತೊಡಗಿದವು. ಆ ಊರಿನ ಚಾಕಿ ಮರಿಹುಳು ತರಬೇಡಿ, ಈ ಅಂಗಡಿಯ ಸುಣ್ಣ ಹಾಕಬೇಡಿ, ಹುಷಾರ್, ಎಲ್ಲರಿಗೂ ಕಳಿಸಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಕಳಿಸಿದ್ದೇ ಕಳಿಸಿದ್ದು.

ನಮ್ಮ ಹುಳು ನಾಲ್ಕನೇ ಜ್ವರ ಎದ್ದು ಮೇಯುತ್ತಿದ್ದ ಒಂದು ಬೆಳಿಗ್ಗೆ ನನ್ನ ಮೈದುನ ಗ್ರೂಪಿಗೆ ಒಂದು ಮೆಸೇಜು ಹಾಕಿದ. ಜ್ವರ ಎಂದರೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವ ಹೊತ್ತು. ನಾಲ್ಕನೆಯದು ಕಳೆದ ಮೇಲೆ ಅವುಗಳ ಹಸಿವು ಹೇಳತೀರದು. ಆ ಸಲ ಬೆಲೆಯ ಆಸೆಗೆ ಚಾಕಿಯನ್ನು ಹೆಚ್ಚು ತಂದಿದ್ದೆವು, ತೋಟದಲ್ಲಿ ಸೊಪ್ಪು ಎರಡು ದಿನಕ್ಕಾಗುವಷ್ಟಿತ್ತು. ಮೆಸೇಜಿನಲ್ಲಿ ಇದ್ದದ್ದು ಇಷ್ಟು: ‘ಎಲ್ಲಾ ರೇಷ್ಮೆ ಬೆಳೆಗಾರರ ಗಮನಕ್ಕೆ. ಕೆರೆ ಕೆಳಗಿನ ತೋಟದ ಸೊಪ್ಪಿಗೆ ಔಷಧಿ ಬಿದ್ದಿದೆ. ತಿಂದ ಹುಳು ಒಂದೂ ಉಳಿಯಲ್ಲ. ನಿಜವೋ ಸುಳ್ಳೋ ಗೊತ್ತಿಲ್ಲ, ನಮ್ಮ ಹುಷಾರಿನಲ್ಲಿ ನಾವಿರೋಣ. ಎಲ್ಲರಿಗೂ ಕಳಿಸಿ.’ ಕೊನೆಗೆ ಕೈಮುಗಿದ ಚಿತ್ರ ಬೇರೆ.

ಕೆರೆ ಕೆಳಗೆ ಇರುವುದು ಒಂದೇ ತೋಟ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ ಹುಳು ಸಾಕಲಾರದೆ ಬರಿ ಸೊಪ್ಪು ಬೆಳೆದು ಮಾರುತ್ತಿದ್ದ ಹೆಂಗಸಿನದು. ಊರಿಗೆಲ್ಲ ಅವಳು ತೋಟದಕ್ಕ. ಬಲಿತ ಸೊಪ್ಪನ್ನು ಒಂದು ವಾರದೊಳಗೆ ಕುಯ್ಯದಿದ್ದರೆ ಹಳದಿಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಹುಳು ಮೂಸುವುದಿಲ್ಲ. ಆ ಬೆಳೆ ಹೋದರೆ ಮುಂದಿನ ಸೊಪ್ಪು ಬರುವ ತನಕ ಅವಳಿಗೆ ಬೇರೆ ಆಧಾರ ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಗ್ರೂಪಿನಲ್ಲಿ ತನ್ನ ತೋಟದ ಮಾತು ನಡೆಯುತ್ತಿದೆ ಎಂಬುದೇ ಅವಳಿಗೆ ತಿಳಿಯುವ ದಾರಿ ಇರಲಿಲ್ಲ.

ನಾವು ಮಾರನೆಯ ದಿನ ಅವಳ ಸೊಪ್ಪನ್ನೇ ಕುಯ್ಯಬೇಕೆಂದಿದ್ದೆವು. ಯಜಮಾನರು ಫೋನು ನೋಡಿದವರೇ, ‘ಬ್ಯಾಡ ಕಣೆ ಆ ಸೊಪ್ಪು. ಬೇರೆ ಕಡೆ ನೋಡನ’ ಎಂದರು. ಅವರ ಮುಖ ಬಾಡಿತ್ತು. ಔಷಧಿ ಬಿದ್ದ ಸೊಪ್ಪು ತಿಂದ ಹುಳುವನ್ನು ಕಂಡವರಿಗೆ ಆ ಭಯ ಗೊತ್ತು. ತಲೆ ಎತ್ತಿ ಹಸಿರು ನೀರು ಕಕ್ಕಿಕೊಂಡು ಒದ್ದಾಡುತ್ತವೆ, ನೋಡನೋಡುತ್ತಾ ತಟ್ಟೆಗೆ ತಟ್ಟೆಯೇ ಹೋಗುತ್ತದೆ.

ನನಗೂ ಭಯವಾಯಿತು. ಆದರೆ ಅದಕ್ಕಿಂತ ಮೊದಲು ಅನುಮಾನ ಬಂತು. ಮೊದಲು ಮೈದುನನ ಮೇಲೆ ಬಂತು. ಅವನಿಗೂ ಸೊಪ್ಪು ಸಾಲದು. ಕೊಳ್ಳುವವರನ್ನೆಲ್ಲ ಹೆದರಿಸಿ ಓಡಿಸಿ, ಆಮೇಲೆ ಮೆಲ್ಲಗೆ ಹೋಗಿ ಅಗ್ಗಕ್ಕೆ ಕುಯ್ದುಕೊಳ್ಳುವ ಲೆಕ್ಕವೇ ಇರಬಹುದು ಅಂದುಕೊಂಡೆ. ತೋಟದಕ್ಕನ ಮೇಲೂ ಬಂತು. ಔಷಧಿ ಬಿದ್ದದ್ದು ನಿಜವಾದರೆ ಅವಳೇಕೆ ಬಂದು ಹೇಳಲಿಲ್ಲ? ಪೊರಕೆ ಮೂಲೆಗಿಟ್ಟು ಫೋನು ಹಿಡಿದೆ.

ಮೈದುನ ಡ್ಯೂಟಿಯ ಬಸ್ಸಿನಲ್ಲಿದ್ದ. ‘ನಾನ್ ಬರ್ದಿದ್ದಲ್ಲ ಅತ್ಗೆ, ಬಂದಿದ್ದು. ಅಕ್ಕೂರಿಂದ ನನ್ ಭಾವ್ಮೈದ ಕಳ್ಸಿದ್ದ. ನಾಲ್ಕ್ ಜನಕ್ಕೆ ಒಳ್ಳೇದಾಗ್ಲಿ ಅಂತ ಹಾಕ್ದೆ’ ಎಂದ.

‘ನಮ್ಮೂರ ಕೆರೆ ಸುದ್ದಿ ಅಕ್ಕೂರಿಂದ ಬತ್ತದಾ? ನಿನ್ನ ಬಾಗ್ಲಲ್ಲಿ ನಿಂತ್ರೆ ಆ ತೋಟ ಕಾಣ್ತದೆ. ನಡ್ಕಂಡೋಗಿ ಒಂದ್ ಮಾತು ಕೇಳಕ್ಕಾಗ್ಲಿಲ್ವ?’

‘ಡ್ಯೂಟಿಗೆ ಟೈಮಾಗಿತ್ತು ಅತ್ಗೆ. ಅದ್ಕೇ ನಿಜವೋ ಸುಳ್ಳೋ ಗೊತ್ತಿಲ್ಲ ಅಂತಾನೂ ಐತಲ್ಲ ಅದ್ರಲ್ಲಿ.’

ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲ ಎಂದು ಬರೆದುಬಿಟ್ಟರೆ ಕೈ ತೊಳೆದುಕೊಂಡಂತೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ. ಅಕ್ಕೂರಿನವನಿಗೆ ಮಾಡಿದೆ. ಅವನು ನಮ್ಮೂರ ಹಾಲಿನ ಡೈರಿಯವನ ಗೆಳೆಯ, ಡೈರಿಯವನೇ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದನಂತೆ. ಕೇಳಿದ್ದನ್ನು ಇವನು ಮೆಸೇಜು ಮಾಡಿದ್ದ. ‘ಎಲ್ಲಾ ಬೆಳೆಗಾರರ ಗಮನಕ್ಕೆ’ ಮತ್ತು ‘ಒಂದೂ ಉಳಿಯಲ್ಲ’ ತನ್ನದೇ ಮಾತು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಹಂಗೆ ಬರೆಯದಿದ್ದರೆ ಜನ ಓದಲ್ಲ ಅಕ್ಕ ಎಂದ.

ಡೈರಿಗೆ ನಾನೇ ನಡೆದುಹೋದೆ. ಹಾಲು ಅಳೆಯುತ್ತಿದ್ದವನು ನನ್ನನ್ನು ಕಂಡು ಲೀಟರು ಕೆಳಗಿಟ್ಟ.

‘ಯಾರ್ ಹೇಳಿದ್ದಪ್ಪ ನಿಂಗೆ?’

‘ಇದೇನಕ್ಕ ಹಿಂಗ್ ಕೇಳ್ತೀರಿ? ನಿಮ್ಮೆಜಮಾನ್ರೇ ಅಲ್ವಾ ಹೇಳಿದ್ದು, ನಿನ್ನೆ ಹಾಲು ಹಾಕಕ್ ಬಂದಾಗ?’

ಮನೆಗೆ ಬರುವಷ್ಟರಲ್ಲಿ ಯಜಮಾನರು ಸೊಪ್ಪು ಹುಡುಕಲು ಬೈಕು ಒರೆಸುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ನಾನು ಡೈರಿ ಎನ್ನುವ ಮೊದಲೇ ಅವರು ಒರೆಸುವ ಬಟ್ಟೆ ಕೆಳಗಿಟ್ಟರು. ಹಿಂದಿನ ಸಂಜೆ ನಾನು ಹುಳುಮನೆಯೊಳಗೆ ಮೇವು ಹಾಕುತ್ತಿದ್ದಾಗ ತೋಟದಕ್ಕ ಬಂದಿದ್ದಳಂತೆ. ಪದ್ಧತಿಯಂತೆ ಬೀದಿಯಲ್ಲೇ ನಿಂತಿದ್ದಳಂತೆ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಿದ್ದಾರೆ, ಗಾಳಿ ಈ ಕಡೆ ಬೀಸಿ ಬದುವಿನ ಪಕ್ಕದ ಎರಡು ಸಾಲಿಗೆ ತಾಕಿರಬಹುದು, ಆ ಎರಡು ಸಾಲನ್ನು ನಾನೇ ಕುಯ್ದು ತಿಪ್ಪೆಗೆ ಹಾಕುತ್ತೇನೆ, ಮಿಕ್ಕಿದ್ದಕ್ಕೆ ಏನೂ ಇಲ್ಲ, ನೀವು ಅಲ್ಲಿಂದ ಕುಯ್ಕೊಳ್ಳಿ ಎಂದಿದ್ದಳಂತೆ. ಇವರು ಹಾಲಿನ ಕ್ಯಾನು ಹಿಡಿದು ಹೊರಟಿದ್ದವರು, ಅದನ್ನೇ ಡೈರಿಯಲ್ಲಿ ಮಾತಿಗೆ ಮಾತು ಬಂದು ಹೇಳಿದ್ದರು. ಮನೆಗೆ ಬಂದು ನನಗೆ ಹೇಳುವುದನ್ನು ಮರೆತಿದ್ದರು.

‘ನಿಮ್ ಮಾತೇ ಸುತ್ತಾಕ್ಕಂಡು ಬಂದೈತೆ. ಅದ ನೋಡಿ ನೀವೇ ಬ್ಯಾಡ ಅಂದ್ರಲ್ಲ?’ ಎಂದೆ.

‘ನಾನ್ ಎರಡ್ ಸಾಲು ಅಂದಿದ್ದೆ ಕಣೆ. ಗ್ರೂಪಲ್ಲಿ ತೋಟಾನೇ ಅಂತ ಬಂತು. ಅಷ್ಟ್ ಜನ ಹೇಳ್ತಾವ್ರಲ್ಲ, ನಂಗೊತ್ತಿಲ್ದೆ ಇನ್ನೇನೋ ಹೆಚ್ಚಾಗಿರ್ಬೇಕು ಅನ್ಕಂಡೆ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಬಿಟ್ಟ ಮಾತಿಗೆ ತಾನೇ ಹೆದರಿ ಕೂತ ಮನುಷ್ಯ. ಆ ಹೆಂಗಸು ಮುಚ್ಚಿಟ್ಟುಕೊಂಡಿದ್ದರೆ ಅವಳ ಸೊಪ್ಪು ಅಷ್ಟೊತ್ತಿಗೆ ಯಾರದೋ ತಟ್ಟೆಯಲ್ಲಿರುತ್ತಿತ್ತು. ಹೇಳಿದ್ದರಿಂದಲೇ ತೋಟ ಹಾಳಾಗುತ್ತಿತ್ತು.

ಇಷ್ಟಾದರೂ ನಾನು ನಾನೇ. ಅವಳ ತೋಟದ ನಡುವಿನಿಂದ ಒಂದು ತೆಕ್ಕೆ ಸೊಪ್ಪು ತಂದು, ಹುಳು ಒಂದಿಷ್ಟನ್ನು ಬೇರೆ ತಟ್ಟೆಗೆ ಹಾಕಿ, ಜಗಲಿಯಲ್ಲಿಟ್ಟು ಸಂಜೆಯವರೆಗೆ ನೋಡಿದೆ. ಸೊಪ್ಪಿನ ನರ ಬಿಟ್ಟು ಎಲ್ಲವನ್ನೂ ತಿಂದು ಇನ್ನೂ ಬೇಕೆಂದು ತಲೆ ಎತ್ತಿದವು. ಮಾರನೆಯ ಬೆಳಿಗ್ಗೆ ಅಲ್ಲಿಂದಲೇ ಕುಯ್ದೆವು. ಗ್ರೂಪಿಗೆ ನಾನೇ ನನ್ನ ದನಿಯಲ್ಲಿ ಹೇಳಿ ಕಳಿಸಿದೆ, ಕೆರೆ ಕೆಳಗಿನ ತೋಟದ ಸೊಪ್ಪಿಗೆ ಏನೂ ಆಗಿಲ್ಲ, ನಾವು ಹಾಕಿದ್ದೇವೆ, ಬಂದು ನಮ್ಮ ಹುಳು ನೋಡಿ ಎಂದು. ಹುಳು ನೋಡಲು ಬನ್ನಿ ಎಂದು ನಾನು ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಇಬ್ಬರು ಹೆಬ್ಬೆರಳು ಎತ್ತಿದರು. ಯಾರೂ ಮುಂದಕ್ಕೆ ಕಳಿಸಲಿಲ್ಲ. ಒಬ್ಬಳು ಬೇರೆಯಾಗಿ ಕೇಳಿದಳು, ನಿಮಗೆ ಕಮ್ಮಿಗೆ ಕೊಟ್ಟಳಾ ಅಂತ. ಮೈದುನನಂತೂ ಶಿಫ್ಟು ಮುಗಿಸಿ ಬಂದವನು, ‘ನೀವೇನೋ ಹೇಳ್ತೀರಿ ಅತ್ಗೆ, ಗ್ಯಾರಂಟಿ ಏನು?’ ಎಂದ. ಹೆದರಿಸುವ ಮಾತಿಗೆ ಕೇಳದ ಗ್ಯಾರಂಟಿಯನ್ನು ಸಮಾಧಾನದ ಮಾತಿಗೆ ಕೇಳಿದ. ಆ ಗ್ಯಾರಂಟಿ ಹುಡುಕುವಷ್ಟರಲ್ಲಿ ಸೊಪ್ಪು ಹಳದಿಯಾಯಿತು. ನಾವು ಕುಯ್ದದ್ದು ಬಿಟ್ಟು ಮುಕ್ಕಾಲು ತೋಟ ಕುರಿ ಮೇವಾಗಿ ಹೋಯಿತು. ಕುರಿ ಹೊಡೆದುಕೊಂಡು ಬಂದವನೂ ‘ಏನೂ ಆಗಕಿಲ್ವಾ?’ ಎಂದು ಮತ್ತೆ ಮತ್ತೆ ಕೇಳಿಯೇ ಕುರಿ ಬಿಟ್ಟ. ತೋಟದಕ್ಕ ಬದುವಿನ ಮೇಲೆ ಕೂತು ಕುರಿ ಮೇಯುವುದನ್ನು ನೋಡುತ್ತಿದ್ದಳು. ಮಾತು ನಮ್ಮ ಮನೆಯಿಂದಲೇ ಹೊರಟದ್ದು ಅಷ್ಟೊತ್ತಿಗೆ ಅವಳ ಕಿವಿಗೂ ಬಿದ್ದಿತ್ತು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಬೆಳೆ ಬಂತು. ಮತ್ತೆ ನಮ್ಮ ಹುಳು ಮೇವಿಗೆ ಎದ್ದಿದ್ದವು, ಮತ್ತೆ ಅವಳ ಸೊಪ್ಪನ್ನೇ ಮಾತಾಡಿದ್ದೆವು. ಕೆರೆ ಏರಿಯ ಮೇಲೆ ಬರುತ್ತಿದ್ದಾಗ ತೋಟದ ಪಕ್ಕದ ಹೊಲದವರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆಯುತ್ತಿರುವುದನ್ನು ನನ್ನ ಕಣ್ಣಾರೆ ಕಂಡೆ. ಗಾಳಿ ತೋಟದ ಕಡೆಗೇ ಇತ್ತು. ಸಂಜೆ ಜಗಲಿಯ ಮೇಲೆ ಕೂತು ಬೀದಿ ನೋಡಿದೆ. ಮಾರನೆಯ ದಿನವೂ ನೋಡಿದೆ. ತೋಟದಕ್ಕ ಬರಲಿಲ್ಲ.

ನಾನೇ ಹೋದೆ. ಅವಳು ಕಳೆ ಕೀಳುತ್ತಿದ್ದಳು.

‘ಔಸ್ದಿ ಹೊಡುದ್ರಲ್ಲಕ್ಕ. ನೀ ಬಂದ್ ಹೇಳ್ತೀಯ ಅಂತ ಕಾಯ್ತಿದ್ದೆ’ ಎಂದೆ.

ಅವಳು ತಲೆ ಎತ್ತಲಿಲ್ಲ. ‘ಯಾಕವ್ವ ಹೇಳ್ಲಿ? ಹೋದ್ ಸಲ ಹೇಳಿದ್ದು ಸಾಲ್ದಾ?’

‘ಸೊಪ್ಪು?’

‘ಆ ಎರಡ್ ಸಾಲ ಕುಯ್ದು ತಿಪ್ಪೆಗಾಕಿವ್ನಿ. ಅದ ನಾನ್ ಮಾಡೇ ಮಾಡ್ತೀನಿ. ಬೀದೀಲ್ ನಿಂತ್ಕಂಡು ಹೇಳಕ್ಕೆ ಮಾತ್ರ ಬರಕಿಲ್ಲ ಇನ್ಮ್ಯಾಕೆ.’

ಆಗಲಿ ಅಕ್ಕ, ಬೆಳಿಗ್ಗೆ ಬಂದು ಕುಯ್ತೀವಿ ಎಂದು ಹೇಳಿ ಹೊರಟೆ. ಅವಳ ಮಾತನ್ನು ನಂಬಿದ್ದೆ. ಇಡೀ ಊರಿಗೆ ದನಿ ಎತ್ತಿ ಅವಳ ಪರ ಹೇಳಿದವಳು ನಾನೇ ಅಲ್ಲವೇ? ಆದರೆ ದಾರಿ ಬೇಲಿಯ ಪಕ್ಕದಲ್ಲೇ ಇತ್ತು, ಬೇಲಿಯ ಮೂಲೆಯಲ್ಲಿ ಅವಳ ತಿಪ್ಪೆ ಇತ್ತು. ಮನೆಯಲ್ಲಿ ತಟ್ಟೆ ತುಂಬ ಹುಳುಗಳಿದ್ದವು. ಕಾಲು ತಾನಾಗಿಯೇ ಆ ಕಡೆ ತಿರುಗಿತು. ಮೇಲೆ ಸಗಣಿ, ಬೂದಿ, ಒಣಗಿದ ಕಡ್ಡಿ. ಸೀರೆ ಎತ್ತಿ ಕಟ್ಟಿ, ಒಂದು ಕೋಲಿನಿಂದ ಕೆದಕಿದೆ. ಕೆಳಗೆ ಹಿಪ್ಪುನೇರಳೆ ಸೊಪ್ಪಿತ್ತು. ಬಾಡಿ ಕಪ್ಪಾಗಿತ್ತು. ಎರಡು ಸಾಲಿನದಾಗುವಷ್ಟು ಇದೆಯೋ ಇಲ್ಲವೋ ಎಂದು ಇನ್ನೊಂದಿಷ್ಟು ಕೆದಕಿ ನೋಡಿದೆ. ಇತ್ತು.

ಕೋಲು ಬಿಸಾಕಿ ನೆಟ್ಟಗಾದಾಗ ಬೇಲಿಯ ಆಚೆ ತೋಟದಕ್ಕ ಕುಡುಗೋಲು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

‘ಸಿಕ್ತೇನಮ್ಮಿ?’ ಎಂದಳು.